ಸಂಘದೋರು ಬಂದ್ರು: ರಾಯಚೂರು, ಕೊಪ್ಪಳದಲ್ಲಿ ಐದು ದಿನ

ಬುಧವಾರ, ಮಾರ್ಚ್ 5, 2025

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ನಮ್ಮನ್ನು ಎಣಿಸಿದರು. ಒಂಬತ್ತು ಹೆಂಗಸರು, ಒಬ್ಬ ಗಂಡಸು, ಮೂರು ರಟ್ಟಿನ ಡಬ್ಬ, ಒಂದು ಹೊಲಿಗೆ ಮಷೀನು. ಒಂಬತ್ತು ಆಧಾರ್ ಕಾರ್ಡ್ ನೋಡಿ ಒಂಬತ್ತು ಸೊನ್ನೆ ಟಿಕೆಟ್ ಕೊಟ್ಟರು. ಆಮೇಲೆ ಮಷೀನಿನ ಕಡೆ ಕೈ ತೋರಿಸಿ, "ಅಮ್ಮಾ, ನೀವು ಫ್ರೀ. ಇದು ಫ್ರೀ ಅಲ್ಲ" ಅಂದರು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಚರ್ಚಿನ ಸ್ತ್ರೀ ಸಂಘಕ್ಕೆ ಕಾಲು ಬಂದಿದೆ ಅಂತಲೇ ಹೇಳಬೇಕು. ಈ ಸಲ ಹಳ್ಳಿಗಳಲ್ಲಿ ಓದುವ ಕನ್ನಡಕ ಕೊಡಲು ಹೊರಟಿದ್ದೆವು. ಮೊದಲು ವ್ಯಾನ್ ಬಾಡಿಗೆಗೇ ಅರ್ಧ ದುಡ್ಡು ಹೋಗುತ್ತಿತ್ತು. ಈಗ ಪೂರ್ತಿ ಟಿಕೆಟ್ ತೆಗೆದುಕೊಂಡವರು ನಮ್ಮ ಜೊತೆ ಬಂದ ಕನ್ನಡಕದ ಅಣ್ಣ ಒಬ್ಬರೇ. ಅವರಿಗೆ ಊರಲ್ಲಿ ಸಣ್ಣ ಕನ್ನಡಕದ ಅಂಗಡಿ ಇದೆ. ಸಂಘ ಅವರ ಟಿಕೆಟ್ ದುಡ್ಡು ಕೊಡುತ್ತೆ ಅಂದರೆ ಬೇಡ ಅಂದರು. ಕಿಟಕಿ ಪಕ್ಕದ ಸೀಟು ಮಾತ್ರ ಕೇಳಿ ತೆಗೆದುಕೊಂಡರು.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ ಅಲ್ವಾ. ಹಿಡಿ ಅಕ್ಕಿಯಿಂದ. ಅನ್ನಕ್ಕೆ ಇಡುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತೇವೆ. ತಿಂಗಳಿಗೊಮ್ಮೆ ಚರ್ಚಿಗೆ ತಂದು ಒಂದೇ ಚೀಲಕ್ಕೆ ಸುರಿಯುತ್ತೇವೆ. ಸೋನಾ ಮಸೂರಿ, ರೇಷನ್ ಅಕ್ಕಿ, ಹಳೆ ಅಕ್ಕಿ, ಹೊಸ ಅಕ್ಕಿ ಎಲ್ಲ ಬೆರೆತುಹೋಗುತ್ತೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಹರಾಜು. ಆ ಬೆರಕೆ ಅಕ್ಕಿಯಲ್ಲಿ ಅನ್ನ ನೆಟ್ಟಗಾಗಲ್ಲ, ಒಂದು ಮುದ್ದೆ ಒಂದು ಕಾಳು. ದೋಸೆಗೆ ಮಾತ್ರ ಭಾಳ ಚೆನ್ನ. ಹಾಗಾಗಿ ಪ್ರತಿ ಸಲ ಅದೇ ಇಡ್ಲಿ ದೋಸೆ ಅಂಗಡಿಯವರೇ ಕೂಗುತ್ತಾರೆ. ಜೊತೆಗೆ ಸುಗ್ಗಿ ಹಬ್ಬದ ಹರಾಜಿನಲ್ಲಿ ಉಳಿದ ಪಾಲು. ಅದರಲ್ಲಿ 150 ಓದುವ ಕನ್ನಡಕ ಬಂದವು. ಅಣ್ಣ ಲಾಭ ಇಟ್ಟುಕೊಳ್ಳದೆ ತರಿಸಿಕೊಟ್ಟರು.

ಅವತ್ತು ಬೂದಿ ಬುಧವಾರ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಲೆಂಟ್, ಶುರು. ನಮ್ಮ ಬೀದಿಯ ಕ್ಯಾಥೋಲಿಕ್ ಅಕ್ಕ ಒಬ್ಬರು ನಮ್ಮ ಜೊತೆ ಹೊರಟಿದ್ದರು. ಬೆಳಗಿನ ಪೂಜೆ ಮುಗಿಸಿ, ಹಣೆ ಮೇಲೆ ಬೂದಿ ಹಚ್ಚಿಸಿಕೊಂಡೇ ಬಸ್ ಹತ್ತಿದ್ದರು. ಹೋದ ವರ್ಷದ ಗರಿ ಭಾನುವಾರದ ಗರಿ ಸುಟ್ಟು ಮಾಡುವ ಬೂದಿ ಅದು. ಸಿರುಗುಪ್ಪದಲ್ಲಿ ಹತ್ತಿದ ಒಬ್ಬ ಅಜ್ಜಿ ಅವರ ಹಣೆ ನೋಡಿ, "ಯಾವ ಮಠದ್ದವ್ವ ವಿಭೂತಿ?" ಅಂತ ಕೇಳಿದರು. ಅಕ್ಕ ಒಂದು ಗಳಿಗೆ ತಡವರಿಸಿ, "ನಮ್ಮ ಚರ್ಚಿಂದು ಅಜ್ಜಿ" ಅಂದರು. "ಹಂಗಾದ್ರೆ ನಿಮ್ಮಲ್ಲೂ ಐತಾ?" ಅಂತ ಅಜ್ಜಿ ಸರಿದು ಜಾಗ ಕೊಟ್ಟರು. ಸಿಂಧನೂರು ಬರುವವರೆಗೂ ಇಬ್ಬರಿಗೂ ಮಾತು ಮುಗಿಯಲಿಲ್ಲ.

ದಾರಿಯುದ್ದಕ್ಕೂ ಒಂದು ಕಡೆ ಹಸಿರು ಭತ್ತ, ಇನ್ನೊಂದು ಕಡೆ ಕಣದಲ್ಲಿ ಕೆಂಪಗೆ ಹರಡಿದ ಮೆಣಸಿನಕಾಯಿ. ಹೋದ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಈ ಕಡೆಯವರು ಎರಡನೇ ಬೆಳೆಯ ಆಸೆ ಬಿಟ್ಟಿದ್ದರು. ಆಮೇಲೆ ಮಳೆ ಬಂದು ಡ್ಯಾಮು ಮತ್ತೆ ತುಂಬಿತು. ಕಾಲುವೆ ಮೇಲ್ಭಾಗದವರ ಗದ್ದೆ ನೋಡಿದರೆ ಗೇಟು ಮುರಿದ ಗುರುತೇ ಇಲ್ಲ. ಕೊನೇ ಭಾಗದವರ ಕಥೆ ಬೇರೆ, ಅದು ಗೇಟು ಗಟ್ಟಿಯಿದ್ದಾಗಲೂ ಬೇರೆಯೇ.

ಸಿಂಧನೂರಿನಲ್ಲಿ ಹೊಲಿಗೆ ಕ್ಲಾಸಿಗೆ ಮಷೀನು ಒಪ್ಪಿಸಿದೆವು. ರಾತ್ರಿ ಅಲ್ಲಿಯ ಚರ್ಚಿನ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದೆವು. ಫ್ಯಾನು ಒಂದೇ. ಅದರ ಕೆಳಗಿನ ಜಾಗ ಯಾರಿಗೆ ಅನ್ನುವ ವಿಷಯದಲ್ಲಿ ಕ್ರಿಸ್ತೀಯ ಪ್ರೀತಿ ಸ್ವಲ್ಪ ಕಡಿಮೆ ಕಂಡಿತು.

ಗುರುವಾರ, ಮಾರ್ಚ್ 6

ಬೆಳಿಗ್ಗೆ ಒಗ್ಗರಣಿ ಮಿರ್ಚಿ ತಿಂದು ಹತ್ತಿರದ ಒಂದು ಹಳ್ಳಿಗೆ ಹೋದೆವು. ಬೇವಿನ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆವು. ನಮ್ಮ ಅಧ್ಯಕ್ಷೆ ಟೀಚರಮ್ಮ ಉದ್ದ ರಿಜಿಸ್ಟರ್ ಬಿಚ್ಚಿ, ಪೆನ್ನಿನ ಕ್ಯಾಪ್ ತೆಗೆದು, ಬರ್ರಿ ಬರ್ರಿ ಅಂತ ಕೂತರು. ರಿಟೈರ್ ಆಗಿ ಎಂಟು ವರ್ಷ ಆದರೂ ಅವರಿಗೆ ಹಾಜರಿ ಹಾಕದೆ ಸಮಾಧಾನ ಇಲ್ಲ.

ಒಬ್ಬರೂ ಬರಲಿಲ್ಲ.

ಬರದಿದ್ದರೆ ಹೋಗಲಿ, ಮನೆಗಳ ಬಾಗಿಲು ಒಂದೊಂದೇ ಮುಚ್ಚತೊಡಗಿದವು. ಎದುರಿನ ಮನೆಯ ಹೆಂಗಸು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿಂದ ಹೊಲದ ಕಡೆ ಹೋಗಿದ್ದು ನನಗೇ ಕಂಡಿತು. ಒಬ್ಬ ಸಣ್ಣ ಹುಡುಗ ಮಾತ್ರ ಓಣಿ ತುಂಬ ಓಡುತ್ತಾ ಕೂಗುತ್ತಿದ್ದ: "ಸಂಘದೋರು ಬಂದ್ರು! ಸಂಘದೋರು ಬಂದ್ರು!"

ಆಶಾ ಕಾರ್ಯಕರ್ತೆ ಬಂದು ಹೇಳಿದ ಮೇಲೆ ಅರ್ಥ ಆಯಿತು. ಈ ಕಡೆ ಹಳ್ಳಿಗಳಲ್ಲಿ ಸಂಘ ಅಂದರೆ ಸಾಲದ ಸಂಘ. ಮೈಕ್ರೋ ಫೈನಾನ್ಸಿನವರು. ಅವರೂ ಇದೇ ಬೇವಿನ ಮರದ ಕೆಳಗೇ ಕೂರುತ್ತಾರೆ, ಇಂಥದ್ದೇ ರಿಜಿಸ್ಟರ್ ಬಿಚ್ಚುತ್ತಾರೆ, ಹೆಸರು ಕೂಗುತ್ತಾರೆ. ಗುರುವಾರ ಆ ಊರಿನ ಕಂತಿನ ದಿನ. ಕಂತು ವಸೂಲಿಯ ಕಾಟ ತಡೆಯಲಾರದೆ ಜನ ಊರು ಬಿಟ್ಟ ಸುದ್ದಿ ಚಳಿಗಾಲದಿಂದ ಪೇಪರಿನಲ್ಲಿ ಬರುತ್ತಲೇ ಇತ್ತು. ಫೆಬ್ರವರಿಯಲ್ಲಿ ಸರ್ಕಾರ ಅದಕ್ಕಂತಲೇ ಸುಗ್ರೀವಾಜ್ಞೆ ತಂದಿತ್ತು. ಅದನ್ನೆಲ್ಲ ನಾವು ಓದಿದ್ದೆವು. ಓದಿಯೂ ರಿಜಿಸ್ಟರ್ ಹಿಡಿದು ಬೇವಿನ ಮರದ ಕೆಳಗೆ ಕೂತಿದ್ದೆವು.

"ನನಗೆ ಮೊದಲೇ ಒಂದು ಫೋನ್ ಮಾಡಿದ್ರೆ ಪಟ್ಟಿ ಮಾಡಿ ಇಟ್ಟಿರ್ತಿದ್ದೆ ಅಕ್ಕ," ಅಂದಳು ಆಶಾ. ಟೀಚರಮ್ಮ ಸದ್ದಿಲ್ಲದೆ ರಿಜಿಸ್ಟರನ್ನು ಚೀಲಕ್ಕೆ ಸೇರಿಸಿದರು. ಕುರ್ಚಿಯನ್ನೂ ತೆಗೆದೆವು. ಒಂದು ಮನೆಯ ಕಟ್ಟೆ ಮೇಲೆ ಕೂತು, ಆಶಾ ಹೋಗಿ ಕರೆದ ಮೇಲೆ ಒಬ್ಬೊಬ್ಬರೇ ಬಂದರು.

ಕನ್ನಡಕ ಕೊಡುವುದು ಹೇಗೆ ಅಂತ ಇಲ್ಲಿ ಹೇಳಬೇಕು. ನಲವತ್ತು ದಾಟಿದರೆ ಹತ್ತಿರದ್ದು ಮಬ್ಬಾಗುತ್ತೆ. ಅದಕ್ಕೇ ನಮ್ಮಲ್ಲಿ ಚಾಳೀಸು ಅನ್ನುವುದು. ಸಾಮಾನ್ಯವಾಗಿ ನಲವತ್ತರ ಆಸುಪಾಸಿಗೆ ಪ್ಲಸ್ ಒಂದು, ಒಂದೂವರೆ. ಐವತ್ತು ದಾಟಿದರೆ ಎರಡು. ಅರವತ್ತಕ್ಕೆ ಎರಡೂವರೆ. ಆದರೆ ವಯಸ್ಸು ಯಾರಿಗೆ ಗೊತ್ತು? "ಇಂದಿರಾ ಗಾಂಧಿ ಸತ್ತ ವರ್ಷ ನನ್ನ ಮದುವಿ" ಅಂದರು ಒಬ್ಬರು. ಅಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. 1984. ಆಗ ಹದಿನಾರೋ ಹದಿನೇಳೋ. ಹಾಗಾದರೆ ಪ್ಲಸ್ ಎರಡು.

ಅಕ್ಷರದ ಕಾರ್ಡು ತಂದಿದ್ದೆವು, ಕೆಲಸಕ್ಕೆ ಬರಲಿಲ್ಲ. ಓದಲು ಬಾರದವರಿಗೆ ಅಕ್ಷರ ತೋರಿಸಿ ಕಾಣುತ್ತಾ ಅಂದರೆ ಅವಮಾನ ಮಾಡಿದ ಹಾಗೆ. ಅದಕ್ಕೆ ಅಣ್ಣ ಒಂದು ಸೂಜಿ, ಒಂದು ಬಿಳಿ ದಾರ ತಂದಿದ್ದರು. ಸೂಜಿಗೆ ದಾರ ಪೋಣಿಸಿ ಅನ್ನುವುದು. ಅಷ್ಟೇ ಪರೀಕ್ಷೆ.

ಆ ಮದುವೆಯ ಲೆಕ್ಕದ ಅಮ್ಮ ಸೂಜಿ ತೆಗೆದುಕೊಂಡರು. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳ ತುದಿ ಕೆಂಪಾಗಿ ಸುಲಿದಿತ್ತು. ಮೊದಲು ಕೈಯನ್ನು ಪೂರ್ತಿ ಚಾಚಿದರು. ಸಾಲಲಿಲ್ಲ, ತಲೆ ಹಿಂದಕ್ಕೆ ಹಾಕಿದರು. ದಾರವನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಚೂಪು ಮಾಡಿ, ಸೂಜಿಯ ಪಕ್ಕದಲ್ಲಿ ಗಾಳಿಗೆ ಚುಚ್ಚಿದರು. ಮತ್ತೆ ಚುಚ್ಚಿದರು. "ಮೊಮ್ಮಗಳು ಸಾಲಿಯಿಂದ ಬಂದ ಮೇಲೆ ಪೋಣಿಸಿ ಕೊಡ್ತಾಳ್ರಿ" ಅಂದರು, ಸೋತವರ ಹಾಗಲ್ಲ, ಸುಮ್ನೆ ಮಾಹಿತಿ ಕೊಟ್ಟ ಹಾಗೆ. ಅಣ್ಣ ಕನ್ನಡಕ ಇಟ್ಟರು. ಅಮ್ಮ ಸೂಜಿ ನೋಡಲಿಲ್ಲ. ತಮ್ಮ ಅಂಗೈ ನೋಡಿಕೊಂಡರು, ತಿರುಗಿಸಿ ತಿರುಗಿಸಿ. "ಅಯ್ಯ, ಎಷ್ಟು ಹೊಲಸಾಗ್ಯಾವ ಕೈ!" ಅಂದರು. ಆಮೇಲೆ ದಾರ ಒಂದೇ ಸಲಕ್ಕೆ ಒಳಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಬೈಕಿನಲ್ಲಿ ಒಬ್ಬ ಯುವಕ ಬಂದ. ಮೊಬೈಲು ನಮ್ಮ ಕಡೆ ಹಿಡಿದು, "ಡಬ್ಬದಾಗೆ ಪುಸ್ತಕ ಗಿಸ್ತಕ ಏನಾದ್ರೂ ಅದಾವೇನು?" ಅಂತ ಕೇಳಿದ. ನಮ್ಮ ಸಂಘದ ದೊಡ್ಡಮ್ಮನಿಗೆ ಸಿಟ್ಟು ಬಂತು. ನನಗೇನೋ ಅವನು ಕೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ತನ್ನ ತಾಯಿಯ ಮುಂದೆ ಹತ್ತು ಜನ ಅಪರಿಚಿತರು ಡಬ್ಬ ಬಿಚ್ಚಿ ಕೂತರೆ ಯಾರಾದರೂ ಕೇಳುತ್ತಾರೆ. ಅಣ್ಣ ಮೂರೂ ಡಬ್ಬ ತೆರೆದು ತೋರಿಸಿದರು. ಕನ್ನಡಕ, ಹತ್ತಿ, ಒರೆಸುವ ಬಟ್ಟೆ. ಅವನು ಮೊಬೈಲು ಜೇಬಿಗೆ ಹಾಕಿ, "ನಮ್ಮವ್ವಗೂ ಒಂದು ನೋಡ್ರಿ" ಅಂದ.

ಪುಸ್ತಕದ ವಿಷಯಕ್ಕೆ ಹೊರಡುವ ಮೊದಲು ಸಂಘದಲ್ಲೇ ದೊಡ್ಡ ಜಗಳ ಆಗಿತ್ತು. ಕರಪತ್ರ ಬೇಡ, ಯಾರಾದರೂ ಕೇಳಿದರೆ ಮಾತ್ರ ಪ್ರಾರ್ಥನೆ ಅಂತ ನಾವು ಕೆಲವರು ಹಟ ಹಿಡಿದೆವು. ಕಣ್ಣು ಕಾಣದೆ ಬಂದವರಿಗೆ ಕನ್ನಡಕ ಕೈಯಲ್ಲಿ ಹಿಡಿದು, ಮೊದಲು ತಲೆ ಬಗ್ಗಿಸು ಅನ್ನುವುದು ನನಗೆ ಸರಿ ಕಾಣುವುದಿಲ್ಲ. "ಹಾಗಾದ್ರೆ ಇದು ಸುವಾರ್ತೆ ಹೇಗಾಯ್ತು? ಲಯನ್ಸ್ ಕ್ಲಬ್ ಆಯ್ತು" ಅಂದಿದ್ದರು ದೊಡ್ಡಮ್ಮ. ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಶುಕ್ರವಾರ, ಮಾರ್ಚ್ 7

ಮಸ್ಕಿಯಲ್ಲಿ ಇಳಿದಾಗ ಟೀಚರಮ್ಮನಿಗೆ ಅಶೋಕನ ಶಾಸನ ನೋಡಲೇಬೇಕಿತ್ತು. 1915ರಲ್ಲಿ ಸಿಕ್ಕಿದ ಈ ಬಂಡೆಯಲ್ಲಿ 'ದೇವಾನಾಂಪ್ರಿಯ' ಅನ್ನುವುದರ ಜೊತೆ ಅಶೋಕ ಅನ್ನುವ ಹೆಸರೂ ಇದ್ದದ್ದರಿಂದಲೇ ಆ ರಾಜ ಯಾರು ಅಂತ ಖಚಿತವಾದದ್ದು. "ನಮ್ಮ ಬಳ್ಳಾರಿ ಕಡೆ ನಿಟ್ಟೂರು, ಉಡೆಗೋಳದಲ್ಲೂ ಹೆಸರಿದೆ" ಅಂತ ಅಣ್ಣ ಊರಿನ ಮರ್ಯಾದೆ ಕಾಪಾಡಿದರು. ಬಿಸಿಲಿಗೆ ಹೆದರಿ ಬೇಗ ಹೊರಟೆವು.

ಹತ್ತಿರದ ತಾಂಡಾದಲ್ಲಿ ಈ ಸಲ ಫೋನ್ ಮಾಡಿ ಹೇಳಿದ್ದೆವು. ಹೋಗುವಷ್ಟರಲ್ಲಿ ಸಾಲು ನಿಂತಿತ್ತು. ಕಾಂಚಳಿಗೆ, ಅಂದರೆ ಲಂಬಾಣಿ ಹೆಂಗಸರ ರವಿಕೆಗೆ, ಕನ್ನಡಿ ಕೂರಿಸುವ ಕೈಗಳು ಇವು. ಹರೆಯದವರೆಲ್ಲ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಊರಲ್ಲಿ ಅಜ್ಜಿಯರು, ಮೊಮ್ಮಕ್ಕಳು. ಹಾಗಾಗಿ ಎಲ್ಲರಿಗೂ ಎರಡು, ಎರಡೂವರೆಯೇ ಬೇಕು. ನಾವು ಬುದ್ಧಿವಂತರ ಹಾಗೆ ಒಂದು, ಒಂದೂವರೆ, ಎರಡು, ಎರಡೂವರೆ, ಮೂರು ಅಂತ ಪ್ರತಿ ನಂಬರಿನಲ್ಲೂ ಮೂವತ್ತು ತಂದಿದ್ದೆವು. ಹನ್ನೆರಡು ಗಂಟೆಗೆ ಎರಡು ಖಾಲಿ. ಒಂದು ಗಂಟೆಗೆ ಎರಡೂವರೆಯೂ ಖಾಲಿ. ಪ್ಲಸ್ ಒಂದರ ಡಬ್ಬ ಹಾಗೇ ತುಂಬಿತ್ತು.

ನಾಲ್ಕು ಜನರಿಗೆ ಯಾವ ಕನ್ನಡಕವೂ ಹೊಂದಲಿಲ್ಲ, ಪೊರೆ ಬಂದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ತೆಗೆಯಲು ದುಡ್ಡು ಬೇಡ ಅಂತ ಹೇಳಿ ಅಲ್ಲಿಯ ಆಶಾಗೆ ಹೆಸರು ಕೊಟ್ಟೆವು. "ದುಡ್ಡು ಬ್ಯಾಡ ಖರೆ. ಜೊತಿಗೆ ಯಾರು ಬರ್ತಾರ?" ಅಂದರು ಒಬ್ಬ ಯಾಡಿ, ಲಂಬಾಣಿಯಲ್ಲಿ ಅವ್ವ ಅಂದ ಹಾಗೆ. ಮಗ ಸೊಸೆ ಬೆಂಗಳೂರಲ್ಲಿ. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ದೊಡ್ಡಮ್ಮನ ಕೈ ಹಿಡಿದು, "ನೀವು ದೇವರ ಮಂದಿ ಅಂತಲ್ಲ, ನನ್ನ ಮಗ ಎತ್ತರದಾಗ ನಿಂತು ಕೆಲಸ ಮಾಡ್ತಾನ. ಅವನ ಸಲುವಾಗಿ ಒಂದು ಮಾತು ಹೇಳವ್ವ" ಅಂದರು. ಚರ್ಚಿನಲ್ಲಿ ಹತ್ತು ನಿಮಿಷಕ್ಕೆ ಕಮ್ಮಿ ಪ್ರಾರ್ಥನೆ ಮಾಡದ ದೊಡ್ಡಮ್ಮ ಅಲ್ಲಿ ನಾಲ್ಕೇ ಮಾತಿನಲ್ಲಿ ಮುಗಿಸಿದರು.

ಸಂಜೆ ಮುದಗಲ್ಲು. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಪ್ರತಿ ವರ್ಷ ಒಂದು ದೇಶದ ಕ್ರೈಸ್ತ ಹೆಂಗಸರು ಆರಾಧನೆ ಬರೆದು ಕೊಡುತ್ತಾರೆ, ಲೋಕದ ಎಲ್ಲ ಕಡೆ ಹೆಂಗಸರು ಅವತ್ತು ಅದನ್ನೇ ಓದುತ್ತಾರೆ. ಈ ವರ್ಷ ಕುಕ್ ದ್ವೀಪಗಳ ಸರದಿ. ಶಾಂತ ಸಾಗರದ ನಡುವೆ ಹದಿನೈದು ಪುಟ್ಟ ದ್ವೀಪ. ಆಧಾರ ಕೀರ್ತನೆ 139, ದೇವರು ನಮ್ಮನ್ನು ಅದ್ಭುತವಾಗಿ ಮಾಡಿದ ಅನ್ನುವ ಮಾತು. ಒಬ್ಬ ವಿಶ್ವಾಸಿಯ ಮನೆಯ ಪಡಸಾಲೆಯಲ್ಲಿ ಸೇರಿದೆವು. ಮೇಜನ್ನು ಕಪ್ಪೆಚಿಪ್ಪು, ದ್ವೀಪದ ಹೂವಿನಿಂದ ಸಿಂಗರಿಸಬೇಕಿತ್ತು. ಮುದಗಲ್ಲಿನಲ್ಲಿ ಕಪ್ಪೆಚಿಪ್ಪು ಎಲ್ಲಿ ತರುವುದು? ದಾಸವಾಳ ಇಟ್ಟೆವು, ಒಂದು ಬೋಗುಣಿಯಲ್ಲಿ ನೀರು ಇಟ್ಟು ಅದೇ ಸಮುದ್ರ ಅಂದೆವು. ಅವರ ಭಾಷೆಯಲ್ಲಿ ನಮಸ್ಕಾರಕ್ಕೆ 'ಕಿಯಾ ಓರಾನಾ' ಅನ್ನುತ್ತಾರೆ, ಚೆನ್ನಾಗಿ ಬಾಳು ಅಂತ. ದೊಡ್ಡಮ್ಮನ ಬಾಯಲ್ಲಿ ಅದು 'ಕಾಯೋ ರಾಣಿ' ಆಯಿತು. ಯಾರೂ ತಿದ್ದಲಿಲ್ಲ.

ನನಗೆ ಇದರಲ್ಲಿ ಬೇರೆಯೇ ಒಂದು ಖುಷಿ ಇತ್ತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವರು. ಇಡೀ ಬೈಬಲನ್ನು ಮೊದಲ ಬಾರಿಗೆ ಕನ್ನಡಕ್ಕೆ ತಂದವರು ಅವರು ಮತ್ತು ಅವರ ಜೊತೆಗಾರರು, 1831ರ ಹೊತ್ತಿಗೆ ಅದು ಪೂರ್ತಿಯಾಯಿತು. ಅದೇ ಲಂಡನ್ ಮಿಷನ್ನಿನ ಜಾನ್ ವಿಲಿಯಮ್ಸ್ 1821ರಲ್ಲಿ ಕುಕ್ ದ್ವೀಪಗಳ ಐಟುಟಾಕಿಗೆ ಹಡಗಿನಲ್ಲಿ ಹೋದರು. ಅಂದರೆ ಆ ದ್ವೀಪದ ಹೆಂಗಸರೂ ನಾವೂ ಒಂದೇ ಮಿಷನ್ ಮನೆಯ ಮೊಮ್ಮಕ್ಕಳು. ಪಡಸಾಲೆಯಲ್ಲಿ ಇದನ್ನು ಉತ್ಸಾಹದಿಂದ ಹೇಳಿದೆ. ಕ್ಯಾಥೋಲಿಕ್ ಅಕ್ಕ, "ನಮ್ಮ ಜೆಸ್ವಿಟ್ ಪಾದ್ರಿಗಳು 1557ರಲ್ಲೇ ಈ ಮುದಗಲ್ಲಿನಲ್ಲಿ ಚರ್ಚು ಕಟ್ಟಿದ್ದರಂತೆ, ಗೊತ್ತಾ" ಅಂದರು. ಅಲ್ಲಿಗೆ ನನ್ನ ಭಾಷಣ ಮುಗಿಯಿತು.

ಆರೂವರೆಗೆ ಮಸೀದಿಯಿಂದ ಬಾಂಗು ಕೇಳಿಸಿತು. ರಂಜಾನ್ ಶುರುವಾಗಿ ಐದಾರು ದಿನ ಆಗಿತ್ತಷ್ಟೇ. ಓದುವುದನ್ನು ನಿಲ್ಲಿಸಿ ಕಾದೆವು. ಪಕ್ಕದ ಮನೆಯಿಂದ ಒಂದು ತಟ್ಟೆ ಖರ್ಜೂರ, ಕಲ್ಲಂಗಡಿ ಬಂತು. ಲೆಂಟಿನಲ್ಲಿ ಸಿಹಿ ಬಿಟ್ಟಿದ್ದ ಅಕ್ಕ ಖರ್ಜೂರ ಹಣ್ಣೋ ಸಿಹಿಯೋ ಅಂತ ಒಂದು ನಿಮಿಷ ಯೋಚಿಸಿ ಎರಡು ತಿಂದರು.

ಶನಿವಾರ, ಮಾರ್ಚ್ 8

ಕುಷ್ಟಗಿ ತಾಲ್ಲೂಕಿನ ಈ ಹಳ್ಳಿಗೆ ನಾವು ಹೊಸಬರಲ್ಲ. ಹೋದ ವರ್ಷ ಬಂದು ಅರವತ್ತು ಸೀರೆ ಹಂಚಿದ್ದೆವು. ಹಳೆಯವೇ, ಆದರೆ ಚೆನ್ನಾಗಿದ್ದವು. ಒಗೆದು, ಇಸ್ತ್ರಿ ಮಾಡಿ, ಮಡಚಿ ತಂದಿದ್ದೆವು. ನನ್ನದೂ ಎರಡಿದ್ದವು.

ಬಸ್ಸಿಳಿದು ನಡೆಯುವಾಗ ಶೇಂಗಾ ಹೊಲದ ಬದುವಿನಲ್ಲಿ ನನ್ನ ನೇರಳೆ ಬಣ್ಣದ ಸೀರೆ ಕಂಡಿತು. ಉದ್ದಕ್ಕೆ ಬಿಚ್ಚಿ ಗೂಟದಿಂದ ಗೂಟಕ್ಕೆ ಕಟ್ಟಿದ್ದರು. ಅದರ ಮುಂದೆ ಟೀಚರಮ್ಮನ ಹಸಿರು ಪಾಲಿಸ್ಟರ್. ಆಮೇಲೆ ಯಾರದೋ ಗುಲಾಬಿ. ನಾಲ್ಕೂ ಕಡೆ ನಮ್ಮ ಸ್ತ್ರೀ ಸಂಘ ಗಾಳಿಗೆ ಪಟಪಟ ಅನ್ನುತ್ತಿತ್ತು. ಖಜಾಂಚಿ ಆಂಟಿ ತಮ್ಮದೊಂದು ಸೀರೆಯ ಸೆರಗು ಹಿಡಿದು ನೋಡಿ, "ಇದು ನನ್ನ ತಂಗಿ ಮದುವೆದು" ಅಂದರು. ಗಂಟಲು ಸ್ವಲ್ಪ ಗಟ್ಟಿಯಾಗಿತ್ತು.

ಹೊಲದ ಅಜ್ಜಿಗೆ ಯಾವ ಮುಜುಗರವೂ ಇರಲಿಲ್ಲ. "ಉಡಾಕ ನಮಗೂ ಸೀರಿ ಅದಾವ್ರಿ. ಹಂದಿಗೆ ಬೇಲಿ ಇರಲಿಲ್ಲ. ರಾತ್ರಿ ಬಂದು ಶೇಂಗಾ ಎಲ್ಲಾ ಕೆದರಿ ಹಾಕ್ತಿದ್ವು. ಈಗ ಸೀರಿ ಕಂಡು ಅಂಜತಾವ. ಭಾಳ ಚಲೋ ಕೊಟ್ರಿ ತಾಯಿ." ಹೊಗಳಿಕೆಯೇ ಅದು, ಅನುಮಾನ ಬೇಡ.

ಹೋದ ವರ್ಷ ಸೀರೆ ಇಸಿದುಕೊಂಡ ಮೇಲೆ ಇದೇ ಅಜ್ಜಿ ಒಂದು ಮಾತು ಹೇಳಿದ್ದರು. "ಸೂಜಿ ಪೋಣಿಸಾಕ ಕಣ್ಣು ಕಾಣಂಗಿಲ್ರಿ, ಕೌದಿ ಹೊಲಿಯೋದು ಬಿಟ್ಟೀನಿ." ನಾವು ಹೂಂ ಅಂದು ಬಸ್ ಹತ್ತಿದ್ದೆವು. ಊರಿಗೆ ಹೋದ ಮೇಲೆ ಯಾರೋ ಮೀಟಿಂಗಿನಲ್ಲಿ ಆ ಮಾತು ನೆನಪು ಮಾಡಿದರು. ಈ ಸಲದ ಕನ್ನಡಕದ ಪ್ರವಾಸ ಹುಟ್ಟಿದ್ದೇ ಅಲ್ಲಿಂದ. ಈಗ ಅಜ್ಜಿಯನ್ನು ಕೂರಿಸಿ ಅಣ್ಣ ನೋಡಿದರೆ ಬೇಕಾದದ್ದು ಪ್ಲಸ್ ಎರಡೂವರೆ. ಒಂದೂ ಉಳಿದಿರಲಿಲ್ಲ. ಯಾರ ಮಾತಿಗೆ ಇಷ್ಟೆಲ್ಲ ಹೊರಟಿದ್ದೆವೋ ಅವರಿಗೇ ಇಲ್ಲ.

ಅಣ್ಣ ಪ್ಲಸ್ ಮೂರು ಇಟ್ಟು ನೋಡಿದರು. ಸೂಜಿಯನ್ನು ಮುಖದ ಹತ್ತಿರ ತಂದರೆ ಕಾಣುತ್ತೆ, ದೂರ ಹಿಡಿದರೆ ಇಲ್ಲ. ಅಣ್ಣ ಬೇಡ ಅಂತ ತಲೆ ಆಡಿಸಿದರು. "ಹತ್ರ ಹಿಡದ್ರಾತು ಬಿಡಪ್ಪ" ಅಂದು ಅಜ್ಜಿ ಕನ್ನಡಕ ಬಿಚ್ಚಿಕೊಡಲಿಲ್ಲ. ಒಳಗೆ ಹೋಗಿ ಅರ್ಧಕ್ಕೆ ನಿಂತ ಕೌದಿ ತಂದರು. ಹಳೇ ಸೀರೆಯ ತುಂಡು, ಲುಂಗಿಯ ತುಂಡು, ಯಾರದೋ ಶಾಲೆ ಯೂನಿಫಾರಮ್ಮಿನ ನೀಲಿ. ಕೊನೆಯ ಹೊಲಿಗೆಗಳು ಕೋಳಿ ಕೆದರಿದ ಹಾಗೆ ಸೊಟ್ಟ ಆಗಿದ್ದವು. ಕನ್ನಡಕದಲ್ಲಿ ಅದನ್ನು ನೋಡಿ, "ಯವ್ವಾ, ಯಾರು ಹೊಲ್ದಾರ ಇದನ್ನ?" ಅಂತ ನಕ್ಕು, ಹಲ್ಲಿನಿಂದ ದಾರ ಕಡಿದು ಬಿಚ್ಚತೊಡಗಿದರು. ಅಣ್ಣ ಮಾತ್ರ ಚೀಟಿಯಲ್ಲಿ ನಂಬರು ಬರೆದುಕೊಂಡರು. ಸರಿಯಾದದ್ದು ಬಸ್ಸಿನಲ್ಲಿ ಕಳಿಸುತ್ತಾರಂತೆ.

ಅವತ್ತು ಮಹಿಳಾ ದಿನ ಅಂತ ನೆನಪಾದದ್ದು ರಾತ್ರಿ ಕೊಪ್ಪಳದಲ್ಲಿ, ಒಬ್ಬರ ವಾಟ್ಸಾಪಿಗೆ ಗುಲಾಬಿ ಹೂವಿನ ಚಿತ್ರ ಬಂದಾಗ.

ಭಾನುವಾರ, ಮಾರ್ಚ್ 9

ಕೊಪ್ಪಳದಲ್ಲಿ ಆರಾಧನೆ, ಜೋಳದ ರೊಟ್ಟಿ, ಪುಂಡಿ ಪಲ್ಯ, ರೈಲು. ರೈಲಿನಲ್ಲಿ ಶಕ್ತಿ ನಡೆಯಲ್ಲ, ಎಲ್ಲರೂ ಟಿಕೆಟ್ ತೆಗೆದೆವು. ಕನ್ನಡಕದ ಅಣ್ಣನಿಗೆ ಸಮಾನತೆ ಸಿಕ್ಕಿತು.

ಖಜಾಂಚಿ ಆಂಟಿ ಲೆಕ್ಕದ ಪುಸ್ತಕ ಬಿಚ್ಚಿದರು. ಪ್ಲಸ್ ಒಂದರಲ್ಲಿ ಇಪ್ಪತ್ತೆರಡು ಉಳಿದಿದ್ದವು. ಮುಂದಿನ ಸಲ ಎರಡು, ಎರಡೂವರೆ ಜಾಸ್ತಿ ತರಬೇಕು, ಮೊದಲೇ ಆಶಾಗಳಿಗೆ ಫೋನ್ ಮಾಡಬೇಕು, ಪೊರೆಯ ನಾಲ್ಕು ಜನರ ಜೊತೆ ಆಸ್ಪತ್ರೆಗೆ ಹೋಗಲು ನಮ್ಮಲ್ಲೇ ಯಾರಾದರೂ ಎರಡು ದಿನ ಬರಬೇಕು ಅಂತ ಬರೆದುಕೊಂಡರು. ಯಾರು ಬರುವುದು ಅನ್ನುವ ಪ್ರಶ್ನೆಗೆ ಮೊದಲು ಎಲ್ಲರೂ ಕಿಟಕಿ ನೋಡಿದೆವು. ಮುನಿರಾಬಾದ್ ದಾಟಿದ ಮೇಲೆ ದೊಡ್ಡಮ್ಮ, "ನಾನು ಹೋಗ್ತೀನಿ, ಮನೇಲೇನು ಕೆಲಸ" ಅಂದರು. ಅವರಿಗೆ ಎಪ್ಪತ್ತೊಂದು. ಕ್ಯಾಥೋಲಿಕ್ ಅಕ್ಕ ನಾನೂ ಬರ್ತೀನಿ ಅಂದರು.

ಹೊಸಪೇಟೆ ಬರುವಷ್ಟರಲ್ಲಿ ಕುಷ್ಟಗಿ ಕಡೆಯ ಆ ಹಳ್ಳಿಯಿಂದ ಫೋನ್ ಬಂತು, ಅಲ್ಲಿಯ ಅಂಗನವಾಡಿ ಟೀಚರು. ಅಜ್ಜಿ ಪಕ್ಕದಲ್ಲೇ ಕೂತು ಹೇಳಿಸುತ್ತಿದ್ದರು, ಅವರ ದನಿ ಹಿಂದಿನಿಂದ ಕೇಳಿಸುತ್ತಿತ್ತು. ಕನ್ನಡಕ ಕಳಿಸುವಾಗ ಜೊತೆಗೆ ಇನ್ನೊಂದು ಏನಾದರೂ ಕಳಿಸಲು ಆಗುತ್ತಾ ಅಂತ.

"ಏನು ಬೇಕಂತೆ ಕೇಳಿ," ಅಂದರು ಟೀಚರಮ್ಮ.

"ಹಳೇ ಸೀರೆ ಇದ್ರೆ ಬೇಕಂತೆ ಮೇಡಂ. ಪಕ್ಕದ ಹೊಲಕ್ಕೂ ಹಂದಿ ಬರ್ತಿದಾವಂತೆ. ಗಾಢ ಬಣ್ಣದ್ದೇ ಇರಲಿ, ಇಸ್ತ್ರಿ ಏನೂ ಬ್ಯಾಡ ಅಂತಿದಾರೆ."

ಖಜಾಂಚಿ ಆಂಟಿ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು ಬರೆದುಕೊಂಡರು: ಸೀರೆ, ಗಾಢ ಬಣ್ಣ, ಇಪ್ಪತ್ತು.